ಉಮರ್ಗಾ ಕಾಲೇಜಿನ್ಯಾಗ ನನ್ನ ಮಾರ್ಗದರ್ಶನ

ಸುಳ್ಳು ಅನ್ನಾವರು ಶರ್ತು ಕಟ್ರಿ, ನನ್ನ ಮಾರಿ ನೋಡೇ ಒಬ್ಬ ಹುಡುಗಿ ಮದುವಿ ಮುಂದಕ್ಕ ಹೋತು.

ನಾ ತಲಾಠಿ, ಅಂದ್ರ ಊರಿನ ಹೊಲದ ದಾಖಲೆ ನೋಡೋ ಸರಕಾರಿ ಮನುಷ್ಯಾ. ಸರಕಾರಿ ನೌಕರಿ ಪರೀಕ್ಷಾಕ್ಕ ಕೂಡೋ ಹುಡುಗರಿಗಿ ದಾರಿ ತೋರಸು ಅಂತ ಉಮರ್ಗಾದಾಗ ನಾ ಓದಿದ ಕಾಲೇಜಿನವರು ಕರದಿದ್ರು. ತಲಿಗಿ ಕೇಸರಿ ಫೇಟಾ ಸುತ್ತಿಸಿಕೊಂಡು ಹುಲಿಹಂಗ ಭಾಷಣ ಹೊಡದೆ.

ಮುಗದ ಕೂಡ್ಲೇ ನಮ್ಮೂರ ಶರಣಪ್ಪ ಕಾಕಾ ಎದ್ದು ನಿಂತ. ಬಾಜೂಕ ಕೂತಿದ್ದ ಮಗಳು ಸುವರ್ಣಾಗ ಮುಂದ ಓದಿಸಬೇಕೋ, ಮದುವಿ ಮಾಡಬೇಕೋ ಅಂತ ಇವತ್ತೇ ತೀರ್ಮಾನ ಮಾಡಾಂವ ಇದ್ದ.

"ಏ ತಮ್ಮಾ, ಗಣಿತದಾಗ ನಪಾಸಾಗಿ, ಅಪ್ಪಗ ಅಂಜಿ, ನಮ್ಮ ಜ್ವಾಳದ ಕಣಕಿ ಬಣವಿ ಹಿಂದ ಅಡಗಿ ಕೂತಂವ ನೀನೇ ಹೌದಿಲ್ಲೋ?"

"ಹೌದ್ರಿ ಕಾಕಾ," ಅಂದೆ. ಸಭಾ ಎಲ್ಲಾ ಹೋ ಅಂತ ನಕ್ತು.

ಕಾಕಾ ಮಗಳ ಕಡಿ ತಿರುಗಿದ. "ಇಂವಾ ಪಾಸಾಗ್ಯಾನಂದ್ರ ನೀ ಕಲೆಕ್ಟರೇ ಆಗ್ತಿ! ಓದವ್ವಾ, ಮದುವಿ ಆಮ್ಯಾಲ ನೋಡೂಣು."

ಸುವರ್ಣಾ ನನಗ ಕೈ ಮುಗದಳು. ಕಾಕಾ ಚೀಲದಾಗಿಂದ ಸತ್ಕಾರದ ಶಾಲು, ತೆಂಗಿನಕಾಯಿ ತಗದ. ನನ್ನ ಮಾರಿ ಇನ್ನೊಮ್ಮಿ ನೋಡಿ, ಶಾಲು ತಿರುಗಿ ಚೀಲದಾಗ ಇಟ್ಟ. "ಇದು ದೊಡ್ಡ ಸಾಹೇಬರು ಬರ್ತಾರಂತ ತಂದಿದ್ದೆ."

ನನಗ ತೆಂಗಿನಕಾಯಿ ಕೊಟ್ಟ.