ಹದಿನಾರೋ ಹದಿನೆಂಟೋ

ಗೋಲು ಬಿದ್ದದ್ದು ಸುಲೋ ಕೆಂಟಲಾನಿಗೆ ಕಿವಿಯಿಂದ ತಿಳಿಯಿತು. ಎರಡು ಸಾವಿರ ಜನ ಒಮ್ಮೆಗೇ ಎದ್ದು ಮರದ ಹಲಗೆಗಳನ್ನು ಬೂಟುಗಾಲಿನಿಂದ ಕುಟ್ಟಿದರು. ಬಲೆಯ ಹಿಂದಿನ ಕೆಂಪು ದೀಪ ಬೂದಿ ಮುಚ್ಚಿದ ಕೆಂಡದಂತೆ ಮಸುಕಾಗಿ ಹೊತ್ತಿಕೊಂಡಿತು. ತೀರ್ಪುಗಾರ ಮಂಜುಗಡ್ಡೆಯ ಮೇಲೆ ಸರ್ರನೆ ಜಾರಿ ಬಂದು, ಸ್ಕೋರರನ ಮೇಜಿನ ಮುಂದಿನ ಗಾಜಿನ ಕಿಂಡಿಗೆ ಬಾಯಿಟ್ಟ.

"ಗೋಲು ಒಂಬತ್ತನೇ ನಂಬರಿಂದು. ಪಾಸ್ ಯಾರು ಕೊಟ್ರೋ ನಾ ನೋಡ್ಲಿಲ್ಲ, ನನ್ನ ಕಣ್ಣು ಗೆರೆ ಮೇಲಿತ್ತು. ನೀನು ನೋಡಿರ್ತೀಯಲ್ಲ ಸುಲೋ, ಬರ್ಕೋ."

ಅಷ್ಟು ಹೇಳಿ ಹೊರಟುಹೋದ. ಈ ಲೀಗಿನ ಐಸ್ ಹಾಕಿ ಆಟದಲ್ಲಿ ಗೋಲು ಹೊಡೆದವನಿಗೆ ಒಂದು ಅಂಕವಾದರೆ, ಕೊನೆಯದಾಗಿ ಅವನಿಗೆ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಮುಟ್ಟಿಸಿದವನೊಬ್ಬನಿಗೂ ಒಂದು ಅಂಕ. ಅದು ಯಾರದೆಂದು ಬರೆಯುವುದು ಸ್ಕೋರರನ ಹಕ್ಕು. ಸುಲೋ ಅಭ್ಯಾಸಬಲದಿಂದ ಬಲಗಡೆಗೆ ಕಿವಿಯೊಡ್ಡಿದ. ಬಲಗಡೆಯ ಕುರ್ಚಿಯಲ್ಲಿ ಗಡಿಯಾರ ನಡೆಸುವ ಲೆಂಪಿ ಇರಬೇಕಿತ್ತು. ಅವಳು ಫ್ಲೂ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು. ಬದಲಿಗೆ ಕೂತಿದ್ದವನು ಗಡಿಯಾರದ ಗುಂಡಿ ಬಿಟ್ಟು ಬೇರೆ ಏನನ್ನೂ ನೋಡಿರಲಿಲ್ಲ.

ಬಲೆಯ ಹತ್ತಿರ ಇಬ್ಬರು ಹಸಿರು ಅಂಗಿಯವರು ಅಪ್ಪಿಕೊಂಡು ನಿಂತಿದ್ದರು. ಒಂಬತ್ತರ ಜೊತೆ ಯಾವಾಗಲೂ ಆಡುವವರು ಅವರೇ; ಒಬ್ಬನ ಬೆನ್ನಿನ ಮೇಲೆ ಹದಿನಾರು, ಇನ್ನೊಬ್ಬನ ಬೆನ್ನಿನ ಮೇಲೆ ಹದಿನೆಂಟು ಎಂದು ಸುಲೋನಿಗೆ ಗೊತ್ತಿತ್ತು. ಯಾರು ಯಾವುದು ಎಂದು ಗೊತ್ತಿರಲಿಲ್ಲ. ಧ್ವನಿವರ್ಧಕದವನು ಚೀಟಿಗಾಗಿ ಕೈ ಚಾಚಿ ಕಾಯುತ್ತಿದ್ದ. ಸುಲೋನ ಪೆನ್ಸಿಲು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಹದಿನಾರು ಎಂದು ಬರೆಯಿತು.

ಅದು ೧೯೮೬ರ ಮಾರ್ಚ್ ತಿಂಗಳ ಮೊದಲ ಶನಿವಾರ, ಋತುವಿನ ಕೊನೆಯ ಪಂದ್ಯ.

ಸುಲೋ ಆ ಕುರ್ಚಿಯಲ್ಲಿ ಕೂತು ಇಪ್ಪತ್ತೊಂಬತ್ತು ಚಳಿಗಾಲಗಳಾಗಿದ್ದವು. ಅದಕ್ಕೂ ಮೊದಲಿನಿಂದ ಅವನು ಆಲ್ಡರ್ ಬೇಯ ತಾಮ್ರದ ಗಣಿಯಲ್ಲಿ, ಆಳುಗಳ ಗಾಡಿಯನ್ನು ಇಳಿಸಿ ಏರಿಸುವ ಯಂತ್ರದ ಚಾಲಕ. ಆ ಕೆಲಸದಲ್ಲಿ ಮನುಷ್ಯರು ಕಾಣುವುದಿಲ್ಲ. ಕಾಣುವುದು ಉಕ್ಕಿನ ಹಗ್ಗ, ಆ ಹಗ್ಗದ ಮೇಲೆ ಬಳಿದ ಬಿಳಿ ಗುರುತುಗಳು. ಇಂಥ ಗುರುತು ಉರುಳೆಗೆ ಬಂದಾಗ ಗಾಡಿ ಇಂಥ ಮಟ್ಟದಲ್ಲಿದೆ ಎಂದು ಲೆಕ್ಕ. ಒಂದು ಗುರುತು ತಪ್ಪಿದರೆ ಮೂವತ್ತು ಜನರ ಪ್ರಾಣ. ಗಣಿ ಮುಚ್ಚುವವರೆಗೆ ಅವನಿಗೆ ಒಂದು ಗುರುತೂ ತಪ್ಪಲಿಲ್ಲ. "ಸುಲೋ ಮೇಲಿದ್ದಾನೆ ಅಂದ್ರೆ ನಾನು ಗಾಡೀಲೇ ನಿದ್ದೆ ಮಾಡ್ತೀನಿ" ಎಂದು ಎರ್ಕಿ ಹೈತಾಲಾ ಎಂಬ ಗಣಿಯಾಳು ಸೌನಾದ ಬಿಸಿಹಬೆಯಲ್ಲಿ ಕೂತು ಎಲ್ಲರೆದುರು ಹೇಳುತ್ತಿದ್ದ. ಊರಿನ ಕಾಲೇಜಿನವರು ಸುಲೋನನ್ನು ತಮ್ಮ ತಂಡದ ಸ್ಕೋರರನಾಗಿ ಕರೆದದ್ದೂ ಆ ಕಣ್ಣಿನ ಹೆಸರಿನಿಂದಲೇ.

ಕಳೆದ ಶರತ್ಕಾಲದಲ್ಲಿ ದೊಡ್ಡ ಊರಿನ ಕಣ್ಣಿನ ವೈದ್ಯ, ನೋಟದ ನಡುಭಾಗ ಸವೆಯುತ್ತಿದೆ, ಅಂಚು ಮಾತ್ರ ಉಳಿಯುತ್ತದೆ ಎಂದ. ಮದ್ದಿಲ್ಲ ಎಂದ. ಸುಲೋ ಅದನ್ನು ಹೆಂಡತಿ ಹಿಲ್ಯಾಳಿಗೂ ಹೇಳಲಿಲ್ಲ. ಅಂದಿನಿಂದ ಅವನು ಏನನ್ನು ನೋಡಿದರೂ ಅದೇ ಜಾಗದಲ್ಲಿ ಒಂದು ಬೂದುಬಣ್ಣದ ಮಚ್ಚೆ ಬಂದು ಕೂರುತ್ತಿತ್ತು. ಮುಖ ನೋಡಿದರೆ ಮುಖವಿಲ್ಲ, ನಂಬರು ನೋಡಿದರೆ ನಂಬರಿಲ್ಲ. ಲೆಂಪಿ ಮಾತ್ರ ಏನನ್ನೋ ಕಂಡುಕೊಂಡಳು. ನವೆಂಬರಿನಿಂದ ಪ್ರತಿ ಗೋಲಿಗೂ ತನ್ನಷ್ಟಕ್ಕೆ ಗೊಣಗುವವಳಂತೆ ನಂಬರುಗಳನ್ನು ಹೇಳತೊಡಗಿದಳು. ಅವನು ಬರೆಯತೊಡಗಿದ. ಆ ಬಗ್ಗೆ ಇಬ್ಬರೂ ಒಂದು ಮಾತನ್ನೂ ಆಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಏಲಕ್ಕಿ ಬ್ರೆಡ್ಡು ತರಲು ಹೋದಾಗ ಬೇಕರಿಯ ಸೈಮಾ ಹಣ ತೆಗೆದುಕೊಳ್ಳಲಿಲ್ಲ.

"ಇವತ್ತು ನಿನ್ನ ಹತ್ರ ಕಾಸು ತಗೊಂಡ್ರೆ ಊರವರು ನನ್ನ ಒಲೆಗೇ ಹಾಕ್ತಾರೆ. ನಮ್ಮ ರೂಡಿ ಐವತ್ತೊಂದು, ಆ ಕೆನಡಾದ ಹುಡುಗ ಐವತ್ತು! ಆಲ್‌ಸ್ಟಾರ್ ಮೊದಲನೇ ತಂಡ ಇನ್ನೆಲ್ಲಿ ಹೋಗುತ್ತೆ?"

"ಇನ್ನೂ ಕೋಚ್‌ಗಳು ಮತ ಹಾಕ್ಬೇಕಲ್ಲ" ಎಂದ ಸುಲೋ.

"ಅವರಿಗೇನು ಗೊತ್ತು? ಪಟ್ಟಿ ನೋಡ್ತಾರೆ, ಹಾಕ್ತಾರೆ. ಪಟ್ಟಿ ಬರೆದೋನು ನೀನು!"

ಸೈಮಾ ಹೇಳಿದ್ದು ಸತ್ಯವಾಗಿತ್ತು. ಸುಲೋನಿಗೆ ಭಯವಾದದ್ದೂ ಅದಕ್ಕೇ. ಲೀಗಿನ ಅತ್ಯುತ್ತಮ ಆಟಗಾರರನ್ನು ಆರಿಸುವ ಆಲ್‌ಸ್ಟಾರ್ ತಂಡಕ್ಕೆ ಯಾವ ಕೋಚೂ ತನ್ನ ಕಾಲೇಜಿನ ಆಟಗಾರನಿಗೆ ಮತ ಹಾಕುವಂತಿಲ್ಲ. ಉಳಿದ ಐವರು ಕೋಚ್‌ಗಳು ಈ ಹುಡುಗರನ್ನು ವರ್ಷಕ್ಕೆ ನಾಲ್ಕು ಬಾರಿ ನೋಡಿದವರು. ಮುಂಪಡೆಯ ಮೂರನೆಯ ಸ್ಥಾನ ಒಂದೇ ಖಾಲಿ. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅಂಕಗಳ ಪಟ್ಟಿ ಮುಚ್ಚುತ್ತದೆ. ಅಲ್ಲಿಯವರೆಗೆ ತಿದ್ದುವ ಅಧಿಕಾರ ಆ ಪಂದ್ಯದ ಸ್ಕೋರರನೊಬ್ಬನಿಗೇ. ಆ ಅಂಕ ಹದಿನೆಂಟನೆಯವನಾದ ಕೆನಡಾದ ರೋಲನ್ ಬುಶೆಯದಾದರೆ ಅವನಿಗೆ ಐವತ್ತೊಂದು, ಹದಿನಾರನೆಯವನಾದ ರೂಡಿಗೆ ಐವತ್ತು. ಅದಕ್ಕಿಂತ ಹೆಚ್ಚಿನ ಭಯ ಬೇರೆ ಇತ್ತು. ರೂಡಿ ಎರ್ಕಿ ಹೈತಾಲಾನ ಮೊಮ್ಮಗ. ನಾಳೆ ಯಾರಾದರೂ ಕೆದಕಿದರೆ, ಸುಲೋನಿಗೆ ಕಾಣಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಹಳೆಯ ಗೆಳೆಯನ ಮೊಮ್ಮಗನಿಗೆ ಕಂಡೂ ಕಂಡೂ ಬರೆದುಕೊಟ್ಟ ಎನ್ನುತ್ತಾರೆ.

ಮಂಗಳವಾರ ಅವನು ಲೆಂಪಿಯ ಮನೆಗೆ ಹೋದ. ಅವಳು ಕಂಬಳಿ ಸುತ್ತಿಕೊಂಡು, ಮೂಗು ಕೆಂಪು ಮಾಡಿಕೊಂಡು ಅಡಿಗೆಮನೆಯಲ್ಲಿ ಕೂತಿದ್ದಳು.

"ಶನಿವಾರ ರೇಡಿಯೋ ಕೇಳ್ದೆಯಾ?" ಎಂದು ಕೇಳಿದ.

"ಕೇಳ್ದೆ. ಅದಕ್ಕೇ ಜ್ವರ ಜಾಸ್ತಿ ಆಯ್ತು." ಅವಳು ಕಾಫಿ ಸುರಿದಳು. "ರೇಡಿಯೋದವನು ಮೊದಲು ಬುಶೆ ಪಾಸ್ ಅಂತ ಕೂಗ್ದ. ಆಮೇಲೆ ನಿನ್ನ ಚೀಟಿ ಓದಿದ್ದು ಕೇಳಿ, ಕ್ಷಮಿಸಿ, ಹೈತಾಲಾ ಅಂತ ತಿದ್ಕೊಂಡ."

ಕಣ್ಣಿದ್ದವನು ಕಣ್ಣಿಲ್ಲದವನನ್ನು ನಂಬಿ ತನ್ನ ಕಣ್ಣನ್ನೇ ತಿದ್ದಿಕೊಂಡಿದ್ದ.

"ಲೆಂಪಿ, ನಾನು..."

"ಹೇಳ್ಬೇಡ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಅಂತ ನಾಲ್ಕು ತಿಂಗಳು ನನ್ನ ಮೆಳ್ಳೆಗಣ್ಣು ಕೊಟ್ಟೆ. ನೀನು ಬಾಯಿ ಬಿಟ್ರೆ ಹೋಗೋದು ನಿನ್ನ ಕುರ್ಚಿ ಒಂದೇ ಅಲ್ಲ, ಮುದುಕ. ಈ ವರ್ಷ ನೀನು ಬರೆದದ್ದೆಲ್ಲಾ ಕೆದಕ್ತಾರೆ. ನನ್ನನ್ನೂ ಕೂರಿಸಿ ಕೇಳ್ತಾರೆ."

"ಬಾಯಿ ಬಿಡದೇ ಇದ್ರೆ?"

ಲೆಂಪಿ ಸೀನಿದಳು.

ಬುಧವಾರ ಸಂಜೆ ಬಾಗಿಲು ಬಡಿದ ಸದ್ದಾಯಿತು. ಹಿಲ್ಯಾ ಬಾಗಿಲು ತೆರೆದಳು. ಬಂದವನು ರೂಡಿ ಹೈತಾಲಾ. ಹೊಗೆಯಲ್ಲಿ ಬೇಯಿಸಿದ ಸರೋವರದ ಮೀನನ್ನು ಕಾಗದದಲ್ಲಿ ಸುತ್ತಿ ತಂದಿದ್ದ.

"ಅಪ್ಪ ಕಳ್ಸಿದ್ರು, ಮಿಸ್ಟರ್ ಕೆಂಟಲಾ. ನಾನೂ ಒಂದ್ಮಾತು ಹೇಳ್ಬೇಕಿತ್ತು." ಹುಡುಗ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ. "ಎಲ್ಲರೂ ಅದು ರೋಲನ್ ಪಾಸ್ ಅಂದ್ಕೊಂಡಿದ್ರು. ರೋಲನ್‌ಗೂ ಹಾಗೇ ಅನ್ಸಿದೆ, ನಂಜೊತೆ ಮಾತಾಡ್ತಿಲ್ಲ. ಆದ್ರೆ ಅವನು ತಳ್ಳಿದ್ಮೇಲೆ ಅದು ನನ್ನ ಸ್ಕೇಟಿಗೆ ತಾಗಿ ತಿರುಗ್ತು. ಒಂದು ಕೂದಲಷ್ಟು. ಅಷ್ಟನ್ನ ನೋಡೋ ಕಣ್ಣು ನಿಮಗೊಬ್ರಿಗೇ ಇರೋದು ಅಂದ್ರು ಅಪ್ಪ."

ಸುಲೋನಿಗೆ ಒಂದು ಗಳಿಗೆ ಭಾರ ಇಳಿದಂತಾಯಿತು. ಹಾಗಾದರೆ ತಪ್ಪಿಲ್ಲ, ಕುರುಡಾಗಿ ಎಸೆದ ಕಲ್ಲು ಗುರಿಗೇ ಬಿದ್ದಿದೆ. ಮರುಗಳಿಗೆಯೇ ಅನುಮಾನ ಬಂತು. ಹುಡುಗ ನಿಜ ಹೇಳುತ್ತಿದ್ದಾನೆಯೇ? ಹಿಂದೆಲ್ಲ ಆಟಗಾರರು ಅಂಕಕ್ಕಾಗಿ ಹಲ್ಲು ಗಿಂಜಿಕೊಂಡು ಬಂದಾಗ ಅವರ ಮುಖವನ್ನು ಒಮ್ಮೆ ನೋಡಿದರೆ ಸಾಕಿತ್ತು, ಸುಲೋನಿಗೆ ತಿಳಿಯುತ್ತಿತ್ತು. ಈಗ ಅವನು ರೂಡಿಯ ಮುಖವನ್ನು ನೋಡಿದ. ಅಲ್ಲಿ ಬೂದು ಮಚ್ಚೆಯಿತ್ತು. ಸುತ್ತ ಒಂದಿಷ್ಟು ಕೂದಲು, ಎರಡು ಕಿವಿ.

"ತಾಗಿದ್ದು ನಿಂಗೆ ಖಾತ್ರಿಯೇನಪ್ಪ?"

"ನೀವೇ ನೋಡಿದ್ರಲ್ಲ!" ಎಂದ ರೂಡಿ. ಅವನ ದನಿಯಲ್ಲಿ ನಗುವಿತ್ತೋ ಹೆದರಿಕೆಯಿತ್ತೋ, ಅದೂ ತಿಳಿಯಲಿಲ್ಲ.

ಹುಡುಗ ಹೋದ ಮೇಲೆ ಹಿಲ್ಯಾ ಮೀನನ್ನು ಬಿಚ್ಚಿ ತಟ್ಟೆಗಿಟ್ಟಳು.

"ಕಿವಿ ನೋಡ್ಕೊಂಡು ಮಾತಾಡ್ತಿದ್ದೆ ಅವನ ಹತ್ರ" ಎಂದಳು.

ಸುಲೋ ಕುರ್ಚಿಯನ್ನು ತಡವಿಕೊಂಡು ಕೂತ.

"ಕ್ರಿಸ್‌ಮಸ್‌ನಿಂದ ನನ್ನ ಹತ್ರಾನೂ ಹಾಗೇ. ನನ್ನ ಕಿವಿ ಅಷ್ಟು ಚೆನ್ನಾಗಿದೆ ಅಂತ ನಲವತ್ತು ವರ್ಷದಲ್ಲಿ ಒಂದು ದಿನಾನೂ ಹೇಳಿರ್ಲಿಲ್ಲ." ಅವಳು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಹೇಳೋಕೇನಾಗಿತ್ತು ಸುಲೋ? ನಾನೇನು ಲೀಗ್ ಕಚೇರಿಯವಳಾ?"

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಅವಳು ಮೀನಿನ ಮುಳ್ಳು ಬಿಡಿಸುತ್ತ ಕೇಳಿದಳು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಹಗ್ಗದ ಗುರುತು ಕಾಣದೇ ಇದ್ದಿದ್ರೆ ಯಂತ್ರ ನಡೆಸ್ತಿದ್ದೆಯಾ?"

ಕಾಲೇಜು ತಂಡದ ಕೋಚ್ ಮೆಕ್ರೋರಿಯ ಕೋಣೆಯಲ್ಲಿ ಪಂದ್ಯದ ವಿಡಿಯೋ ಟೇಪಿತ್ತು. ಸ್ಕೋರರ್ ಕೇಳದ ಹೊರತು ಅದನ್ನು ಅಂಕಕ್ಕಾಗಿ ನೋಡುವ ಪದ್ಧತಿಯಿರಲಿಲ್ಲ. ಇಪ್ಪತ್ತೊಂಬತ್ತು ವರ್ಷಗಳಲ್ಲಿ ಸುಲೋ ಒಮ್ಮೆಯೂ ಕೇಳಿರಲಿಲ್ಲ. ಗುರುವಾರ ಬೆಳಿಗ್ಗೆ ಫೋನ್ ಮಾಡಿ ಕೇಳಿದ. ಕೋಚ್, "ನಾಲ್ಕು ಗಂಟೆಗೆ ಬನ್ನಿ. ಹುಡುಗರಿಬ್ರನ್ನೂ ಕರೀತೀನಿ, ಬೆನ್ನ ಹಿಂದೆ ಬೇಡ" ಎಂದ.

ಲೆಂಪಿ ಕರೆಯದೆಯೇ ಬಂದಳು. ಕಿರಿದಾದ ಕೋಣೆಯಲ್ಲಿ ಒದ್ದೆ ಕೈಗವಸುಗಳ ವಾಸನೆಯಿತ್ತು. ರೂಡಿ ಬಾಗಿಲ ಬಳಿ, ರೋಲನ್ ಕಿಟಕಿಯ ಬಳಿ. ಕೋಚ್ ಟೇಪು ಹಾಕಿದ. ಟಿವಿಯ ಬೆಳಕು ಸುಲೋನ ಮುಖದ ಮೇಲೆ ಬಿತ್ತು. ಅವನು ತಲೆಯನ್ನು ಓರೆ ಮಾಡಿ ಕಣ್ಣಂಚಿನಿಂದ ಹಿಡಿಯಲು ನೋಡಿದ. ಬಿಳಿಯ ಮೇಲೆ ಹಸಿರು ಚುಕ್ಕೆಗಳು ಇರುವೆಗಳಂತೆ ಹರಿದವು. ಟೇಪಿನೊಳಗಿನ ಜನ ಕೂಗಿದರು. ಕೋಣೆಯ ಜನ ಉಸಿರು ಬಿಡಲಿಲ್ಲ.

"ಇನ್ನೊಂದ್ಸಲ" ಎಂದ ಕೋಚ್. ಟೇಪು ಕಿರುಗುಡುತ್ತ ಹಿಂದಕ್ಕೆ ಓಡಿತು. ನಿಧಾನವಾಗಿ ಮುಂದಕ್ಕೆ ಬಂತು. ಎಲ್ಲೋ ಒಂದು ಕುರ್ಚಿ ಕಿರ್ರೆಂದಿತು. ಅದು ಬಾಗಿಲ ಕಡೆಯದೋ ಕಿಟಕಿಯ ಕಡೆಯದೋ ಎಂದು ಸುಲೋ ಜೀವ ಕೈಯಲ್ಲಿ ಹಿಡಿದುಕೊಂಡು ಆಲಿಸಿದ.

"ಸರಿ, ಸುಲೋ" ಎಂದ ಕೋಚ್. "ನಾವು ಯಾರೂ ಬಾಯಿ ಬಿಡೋ ಹಾಗಿಲ್ಲ. ನೋಡಿದ್ರಲ್ಲ, ಹೇಳಿ."

ಈಗಲೂ ತಪ್ಪಿಸಿಕೊಳ್ಳುವ ದಾರಿಯಿತ್ತು. ಮೊದಲು ಬರೆದದ್ದೇ ಸರಿ ಎಂದು ಎದ್ದುಬಿಡಬಹುದು. ಸ್ಕೋರರನ ಮಾತಿಗೆ ಎದುರಿಲ್ಲ. ಅಥವಾ ಹದಿನೆಂಟು ಎಂದು ಇನ್ನೊಂದು ಕಲ್ಲನ್ನು ಎಸೆಯಬಹುದು. ಗಣಿಯಲ್ಲಿ ಗಂಟೆ ಒಂದು ಸಲ ಹೊಡೆದರೆ ನಿಲ್ಲಿಸು ಎಂದು ಅರ್ಥ. ಏಕೆ ಎಂದು ಯಾರೂ ಕೇಳುತ್ತಿರಲಿಲ್ಲ.

"ನಂಗೆ ಕಾಣಿಸ್ಲಿಲ್ಲ" ಎಂದ ಅವನು. "ಈಗ್ಲೂ ಕಾಣಿಸ್ಲಿಲ್ಲ, ಶನಿವಾರಾನೂ ಕಾಣಿಸಿರ್ಲಿಲ್ಲ. ಶರತ್ಕಾಲದಿಂದ ನಂಬರು ಕಾಣಲ್ಲ. ಹದಿನಾರು ಅಂತ ಊಹೆ ಮೇಲೆ ಬರೆದೆ."

ಕೋಚಿನ ಕೈಯಲ್ಲಿದ್ದ ಪೆನ್ನು ಮೇಜಿನ ಮೇಲೆ ಉರುಳಿ ನೆಲಕ್ಕೆ ಬಿತ್ತು.

"ಮತ್ತೆ ಉಳಿದ ಪಂದ್ಯಗಳು?" ಎಂದು ಕೇಳಿದ ಕೋಚ್, ತೀರ ಮೆಲ್ಲಗೆ.

"ಅವೆಲ್ಲ ನನ್ನ ಕಣ್ಣು" ಎಂದಳು ಲೆಂಪಿ. "ಬೇಕಾದ್ರೆ ಒಂದೊಂದೇ ಟೇಪು ಹಾಕಿ ನೋಡ್ಕೊಳ್ಳಿ, ಒಂದೂ ತಪ್ಪಿಲ್ಲ. ಇದಕ್ಕೂ ನಾನೇ ಹೇಳ್ತೀನಿ, ಯಾಕಂದ್ರೆ ಈ ಕೋಣೇಲಿ ನಂಗೆ ಮಾತ್ರ ಆಲ್‌ಸ್ಟಾರ್ ಆಗೋ ಆಸೆ ಇಲ್ಲ. ಪಾಸ್ ಹದಿನೆಂಟರದ್ದು. ಹದಿನಾರರ ಸ್ಕೇಟಿಗೂ ಪಕ್‌ಗೂ ನಡುವೆ ಒಂದು ಗೇಣು ಮಂಜುಗಡ್ಡೆ ಕಾಣ್ತಿದೆ."

ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ರೂಡಿ ಹೊರಗೆ ಹೋಗಿದ್ದ.

ತಿದ್ದುಪಡಿಯ ಕಾಗದದಲ್ಲಿ ಕೋಚೇ ನಂಬರು ತುಂಬಿದ. ಸಹಿ ಮಾತ್ರ ಸುಲೋನದೇ ಆಗಬೇಕಿತ್ತು. ಅವನ ಪೆನ್ಸಿಲು ಗೆರೆಯನ್ನು ಹುಡುಕುತ್ತ ಕಾಗದದ ಮೇಲೆ ಅಲೆದಾಡಿತು. ಯಾರೋ ಅವನ ಬೆರಳನ್ನು ಹಿಡಿದು ಒಂದು ಜಾಗಕ್ಕೆ ತಂದಿಟ್ಟರು.

"ಇಲ್ಲಿ, ಮಿಸ್ಟರ್ ಕೆಂಟಲಾ" ಎಂದ ರೋಲನ್ ಬುಶೆ. ಅಷ್ಟೇ ಹೇಳಿದ. ಧನ್ಯವಾದವನ್ನೂ ಹೇಳಲಿಲ್ಲ, ದೂರನ್ನೂ ಹೇಳಲಿಲ್ಲ.

"ಮುಂದಿನ ವರ್ಷದ ಬಗ್ಗೆ ಲೀಗಿನವರು ಕಾಗದ ಬರೀತಾರೆ" ಎಂದ ಕೋಚ್. ಏನು ಬರೆಯುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಲೆಂಪಿಯ ಹೆಸರೂ ಅದರಲ್ಲಿ ಇರುತ್ತದೆಯೇ ಎಂದು ಕೇಳಲು ಸುಲೋನಿಗೆ ಧೈರ್ಯ ಸಾಲಲಿಲ್ಲ. ಅವಳು ಕೋಚಿನೊಡನೆ ಹಳೆಯ ಟೇಪುಗಳ ಲೆಕ್ಕ ಮಾತಾಡಲು ಅಲ್ಲೇ ಉಳಿದಳು.

ಆಟ ನಡೆಯುವ ರಿಂಕ್ ಕಟ್ಟಡದ ಹಿಂಬಾಗಿಲನ್ನು ತಳ್ಳಿದಾಗ ಸರೋವರದ ಗಾಳಿ ಮುಖಕ್ಕೆ ರಾಚಿತು. ಮುಸ್ಸಂಜೆಯ ಬಿಳುಪಿನಲ್ಲಿ ಹಿಮವೂ ಆಕಾಶವೂ ಒಂದಾಗಿದ್ದವು. ಮೆಟ್ಟಿಲ ತಲೆಯಲ್ಲಿ ಒಂದು ಎತ್ತರದ ಕಪ್ಪು ಆಕೃತಿ ನಿಂತಿತ್ತು. ಸುಲೋ ಬಾಗಿಲ ಹಿಡಿಯನ್ನು ಬಿಡದೆ ನಿಂತ.

"ಊರಲ್ಲಿ ಎಲ್ಲರಿಗೂ ಹೇಳಿಯಾಗಿದೆ" ಎಂದ ರೂಡಿ. "ಅಜ್ಜಿ ಕೇಕ್ ಬೇರೆ ಮಾಡಿದ್ದಾಳೆ."

"ತಪ್ಪು ನಂದಪ್ಪ."

"ಹೌದು, ನಿಮ್ದೇ." ಹುಡುಗನ ಉಸಿರು ಜೋರಾಗಿ ಕೇಳುತ್ತಿತ್ತು. "ತಾಗ್ತು ಅಂತಾನೇ ನಂಗನ್ಸಿತ್ತು. ಆಮೇಲೆ ನೀವು ಬರೆದದ್ದು ಕೇಳಿ, ತಾಗೇ ಇದೆ ಅಂದ್ಕೊಂಡೆ."

ಸುಲೋ ಒಂದು ಕಾಲನ್ನು ಮುಂದಿಟ್ಟು ನೆಲವನ್ನು ತಡವಿದ. ಬೂಟಿನಡಿಯಲ್ಲಿ ಗಾಜಿನಂಥ ಹಿಮ ಜಾರಿತು. ಕೆಳಗೆ ಎಷ್ಟು ಮೆಟ್ಟಿಲುಗಳಿವೆಯೆಂದು ಇಪ್ಪತ್ತೊಂಬತ್ತು ವರ್ಷ ಇಳಿದವನಿಗೆ ಆಗ ನೆನಪಾಗಲಿಲ್ಲ.

ಆಕೃತಿ ಅವನ ಕೈ ಹಿಡಿಯಲಿಲ್ಲ. ಬೆನ್ನು ತಿರುಗಿಸಿ ಒಂದು ಮೆಟ್ಟಿಲು ಕೆಳಗಿಳಿಯಿತು, ನಿಂತಿತು.

"ಮೆಟ್ಟಿಲು" ಎಂದಿತು ಅದರ ದನಿ, ಸಿಟ್ಟಿನಿಂದಲೇ.

ಸುಲೋ ಕಾಲಿಟ್ಟ.

"ಇನ್ನೊಂದು. ಎಡಗಡೆ ಬೇಡ, ಹಿಮ ಗಟ್ಟಿಯಾಗಿದೆ."

ಅವನು ಬಲಗಡೆಗೆ ಕಾಲಿಟ್ಟ.

"ಇನ್ನೊಂದು."