ಅಡ್ಡ ಇಟ್ಟ ಸೊಪ್ಪು

ನೆಲ್ಲಿಕಜೆಯ ವೆಂಕಪ್ಪ ಗೌಡರಿಗೆ ಇರುವುದು ಮುನ್ನೂರ ಇಪ್ಪತ್ತು ರಬ್ಬರ್ ಮರ, ಒಬ್ಬಳೇ ಮಗಳು ಮತ್ತು ಒಂದೂವರೆ ಕಾಲು. ಎಡಗಾಲನ್ನು ಅವರು ಅರ್ಧವೆಂದೇ ಲೆಕ್ಕ ಹಾಕುತ್ತಾರೆ. ಮೊಣಕಾಲಿನ ಚಿಪ್ಪು ಸವೆದಿದೆ ಎಂದು ಪುತ್ತೂರಿನ ಡಾಕ್ಟರು ಚಿತ್ರ ತೋರಿಸಿ ವಿವರಿಸಿದಾಗ, ಅರವತ್ತೊಂದು ವರ್ಷ ಗುಡ್ಡದಲ್ಲೇ ಓಡಿಸಿದ ಮೇಲೆ ಚಕ್ರ ಸವೆಯದೆ ಇರುತ್ತದೆಯೇ ಎಂದು ಇವರೇ ಡಾಕ್ಟರನ್ನು ಸಮಾಧಾನಪಡಿಸಿ ಬಂದಿದ್ದರು.

ಬೆಳಗಿನ ಜಾವ ಹಣೆಗೆ ಲೈಟು ಕಟ್ಟಿಕೊಂಡು ಹೊರಟರೆ ಬಿಸಿಲು ಏರುವುದರೊಳಗೆ ಮರ ಕೀಸಿ ಹಾಲಿಳಿಸುವ ಟ್ಯಾಪಿಂಗ್ ಮುಗಿಸುವುದು ಅವರ ಕ್ರಮ. ಸಿಪ್ಪೆಯನ್ನು ಕೂದಲೆಳೆಯಷ್ಟು ಮಾತ್ರ ಕೀಸಬೇಕು, ಮರಕ್ಕೆ ಗೊತ್ತಾಗಬಾರದು. ಮರದ ಹಾಲಿನ ವಿಷಯದಲ್ಲಿ ಅವರ ಕಣ್ಣಿಗೆ ಮೋಸ ಮಾಡುವುದು ಕಷ್ಟ. ಒಮ್ಮೆ ಜ್ವರ ಬಂದು ಮಲಗಿದ್ದಾಗ ಸಂಬಳಕ್ಕೆ ಬಂದ ಟ್ಯಾಪರ್, ಐದು ಗಂಟೆಗೇ ಶುರು ಮಾಡಿದೆ ಎಂದ. ವೆಂಕಪ್ಪ ಗೌಡರು ಕಂಬಳಿ ಹೊದ್ದುಕೊಂಡೇ ತೋಟಕ್ಕೆ ಹೋಗಿ, ಹಾಲಿನ ಎಳೆಯನ್ನು ಬೆರಳಲ್ಲಿ ಎಳೆದು ನೋಡಿ, ಕೀಸಿದ್ದು ಏಳೂ ಕಾಲಿಗೆ ಎಂದು ಹೇಳಿ ಬಂದು ಮತ್ತೆ ಮಲಗಿದರು. ಅವನು ಮರುದಿನದಿಂದ ಐದಕ್ಕೇ ಬಂದ.

ಇಂಥ ಮನುಷ್ಯನಿಗೆ ವರ್ಷದಲ್ಲಿ ಒಂದು ದಿನ ಮಾತ್ರ ರಬ್ಬರ್ ಮರಗಳ ನೆನಪಿರುವುದಿಲ್ಲ. ಅದು ಪರ್ವತಕ್ಕೆ ಹೋಗುವ ದಿನ.

ಕುಮಾರ ಪರ್ವತಕ್ಕೆ ಎಲ್ಲರೂ ಹತ್ತುವುದು ಸುಬ್ರಹ್ಮಣ್ಯದಿಂದ. ಬೆನ್ನಿಗೆ ಟೆಂಟು ಕಟ್ಟಿಕೊಂಡವರು, ಹಾಡು ಹಾಕಿಕೊಂಡವರು, ಬರಿಗಾಲಿನ ಹರಕೆಯವರು ಎಲ್ಲ ಆ ಕಡೆ. ನೆಲ್ಲಿಕಜೆಯ ಹಿಂದಿನ ಕಾಡಿನಿಂದಲೂ ಒಂದು ದಾರಿ ಉಂಟೆಂದು ಅವರಿಗೆ ತಿಳಿಯದು. ಅದು ವೆಂಕಪ್ಪ ಗೌಡರ ಕುಟುಂಬದವರು ಮಾತ್ರ ನಡೆಯುವ ದಾರಿ. ಷಷ್ಠಿ ಕಳೆದ ಮೊದಲ ಭಾನುವಾರ, ಅರಣ್ಯ ಕಚೇರಿಯಿಂದ ಚೀಟಿ ತಂದು, ಕುಟುಂಬದ ಕೆಲವರು ಆ ದಾರಿಯಲ್ಲಿ ತುದಿಗೆ ಹೋಗುತ್ತಾರೆ. ಅಲ್ಲಿ ಬಂಡೆಯ ಸಂದಿನಲ್ಲೊಂದು ಗುಳಿ, ಮಧ್ಯಾಹ್ನ ಹತ್ತಿರವಾಗುವ ತನಕ ಅದಕ್ಕೆ ನೆರಳೇ. ಅದರ ನೀರನ್ನು ಹಿತ್ತಾಳೆಯ ಗಿಂಡಿಯಲ್ಲಿ ತಂದು, ಸಂಜೆ ದೀಪ ಹಚ್ಚುವ ಮೊದಲು ಮನೆಯ ನಾಗಬನಕ್ಕೆ ಎರೆಯಬೇಕು. ನೀರು ತೆಗೆಯುವುದು ಹಿರಿಯನ ಕೆಲಸ. ಅವನು ಯಾರ ಕೈಗೆ ಗಿಂಡಿ ಕೊಡುತ್ತಾನೋ ಮುಂದಿನ ವರ್ಷದಿಂದ ಆ ಕೆಲಸ ಅವರದು. ಆದರೆ ಗುಳಿಯ ಮೇಲೆ ಬಿಸಿಲು ಬೀಳುವ ಮೊದಲೇ ನೀರು ತೆಗೆಯಬೇಕು. ಅಷ್ಟರೊಳಗೆ ಹಿರಿಯ ಬಂದು ಮುಟ್ಟದಿದ್ದರೆ ಅಲ್ಲಿದ್ದವನು ತೆಗೆಯಬಹುದು. ಗಿಂಡಿ ಆಮೇಲೆ ಅವನ ಮನೆಯಲ್ಲೇ ಉಳಿಯುತ್ತದೆ.

ಆ ದಾರಿಗೊಂದು ಕ್ರಮ ಉಂಟು. ಒಬ್ಬ ಒಂದು ಗಂಟೆ ಮೊದಲೇ ಹೊರಟು, ಕತ್ತಿಯಲ್ಲಿ ಗಿಡಗಂಟಿ ಸವರಿಕೊಂಡು ಮುಂದೆ ಹೋಗುತ್ತಾನೆ. ದಾರಿ ಕವಲೊಡೆಯುವಲ್ಲಿ ಹೋಗಬಾರದ ಕಡೆ ಕಂಡರೆ, ಆನೆಯೋ ಕಣಜದ ಗೂಡೋ ಬಿದ್ದ ಮರವೋ, ಒಂದು ಹಸಿ ಗೆಲ್ಲನ್ನು ಕೈಯಲ್ಲೇ ಮುರಿದು ಅಡ್ಡ ಇಡುತ್ತಾನೆ. ಕತ್ತಿ ತಾಗಿಸಬಾರದು, ಸೌದೆಗೆ ಬಂದವರು ಕಡಿದು ಬಿಟ್ಟದ್ದೆಂದು ಹಿಂದಿನವರು ತಿಳಿಯಬಾರದಲ್ಲ. ರಸ್ತೆಯಲ್ಲಿ ಲಾರಿ ಕೆಟ್ಟು ನಿಂತರೆ ಹಿಂದೆ ಸೊಪ್ಪು ಹಾಕುವಂತೆಯೇ ಇದು. ಮರಳುವಾಗ ಇಟ್ಟವನೇ ಅದನ್ನು ಎತ್ತಿ ಬಿಸಾಡಬೇಕು. ಹಿಂದೆ ಬರುವವರು ಮಾತ್ರ ಯಾಕೆಂದು ಕೇಳುವಂತಿಲ್ಲ.

ವೆಂಕಪ್ಪ ಗೌಡರಿಗೆ ಹದಿನಾಲ್ಕು ವರ್ಷವಿದ್ದಾಗ ಅಡ್ಡ ಬಿದ್ದ ಸೊಪ್ಪನ್ನು ದಾಟಲು ಕಾಲೆತ್ತಿದ್ದರು. ಅವರ ಅಪ್ಪ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದರು. ಕೂಗಳತೆಯಲ್ಲಿ ಬಿದಿರು ಮುರಿಯುವ ಸದ್ದು, ಮರಿಯೊಡನೆ ನಿಂತ ಹೆಣ್ಣಾನೆ. ಅಂದಿನಿಂದ ಆ ಎಲೆಗಳ ಮೇಲೆ ಅವರಿಗೆ ದೇವರ ಮೇಲಿನದಕ್ಕಿಂತ ಹೆಚ್ಚಿನ ನಂಬಿಕೆ. ದೇವರಾದರೆ ಒಮ್ಮೊಮ್ಮೆ ಕೇಳದೆ ಇರಬಹುದು.

ಇಪ್ಪತ್ತಾರು ವರ್ಷ ಮುಂದೆ ಹೋದವರು ಅವರೇ. ಕಾಲು ಅರ್ಧವಾದ ಮೇಲೆ ಆ ಕೆಲಸ ತಮ್ಮ ಜಯಪ್ರಕಾಶನಿಗೆ ಬಂತು. ಅಣ್ಣನ ಬಾಯಲ್ಲಿ ಜಯಪ್ಪ, ಹನ್ನೊಂದು ವರ್ಷಕ್ಕೆ ಕಿರಿಯ. ಅಪ್ಪ ತೀರಿಹೋದಾಗ ಇನ್ನೂ ನಾಲ್ಕನೇ ಕ್ಲಾಸು. ಹೆಗಲ ಮೇಲೆ ಕೂರಿಸಿಕೊಂಡು ಮೊದಲ ಸಲ ಪರ್ವತ ತೋರಿಸಿದ್ದು ವೆಂಕಪ್ಪ ಗೌಡರು. ಗೆಲ್ಲನ್ನು ತಿರುಚಿ, ಸಿಪ್ಪೆ ಸೀಳದಂತೆ ಮುರಿಯುವುದು ಹೇಗೆಂದು ಅವನ ಪುಟ್ಟ ಕೈಯ ಮೇಲೆ ತಮ್ಮ ಕೈಯಿಟ್ಟು ಕಲಿಸಿದ್ದೂ ಅವರೇ.

ಕಳೆದ ವರ್ಷ, ಕಾಲು ಇನ್ನು ಒಂದೇ ಸಲ ತುದಿ ಮುಟ್ಟೀತು ಎಂದು ಗೊತ್ತಾದಾಗ ವೆಂಕಪ್ಪ ಗೌಡರು ಕುಟುಂಬದವರ ಎದುರು ಒಂದು ಮಾತು ಹೇಳಿದರು. ಈ ಸಲ ತುದಿಯಲ್ಲಿ ಗಿಂಡಿಯನ್ನು ಯಶಸ್ವಿಯ ಕೈಗೆ ಕೊಡುತ್ತೇನೆ ಎಂದರು. ಯಶಸ್ವಿ ಅವರ ಮಗಳು. ಪುತ್ತೂರಿನಲ್ಲಿ ಬಿ.ಎಡ್. ಓದುತ್ತಿದ್ದಳು, ಏಳು ವರ್ಷದಿಂದ ತಪ್ಪದೆ ಅಪ್ಪನ ಹಿಂದೆ ಹತ್ತಿದವಳು. ಚಾವಡಿಯಲ್ಲಿದ್ದವರೆಲ್ಲ ಜಯಪ್ರಕಾಶನ ಮುಖ ನೋಡಿದರು. ಹೆಂಡತಿ ಶೀಲಾವತಿ ಬಾಗಿಲ ಬಳಿ ಚಹಾದ ತಟ್ಟೆ ಹಿಡಿದುಕೊಂಡು ನಿಂತೇ ಇದ್ದಳು. ಕೊನೆಗೆ ಜಯಪ್ರಕಾಶ ನಕ್ಕು, "ನೀನು ಹೇಳಿದ ಹಾಗೆ ಅಣ್ಣ" ಎಂದ. ತಮ್ಮ ಒಪ್ಪಿದ ಮೇಲೆ ಉಳಿದವರೂ ಚಹಾ ತೆಗೆದುಕೊಂಡರು.

ಹೊರಡುವ ದಿನ ಜಯಪ್ರಕಾಶ ಮತ್ತು ದಾಯಾದಿ ತೀರ್ಥರಾಮ ಮುಂದೆ ಹೋಗುವವರು, ವೆಂಕಪ್ಪ ಗೌಡರು ಮತ್ತು ಯಶಸ್ವಿ ಹಿಂದಿನಿಂದ. ಅಂಗಳದಲ್ಲಿ ಜಯಪ್ರಕಾಶ ಅಣ್ಣನ ಹೆಗಲಿನ ಚೀಲಕ್ಕೆ ಕೈ ಹಾಕಿ, ಕಾಲು ನೋವಿನಲ್ಲಿ ಆ ಭಾರ ಯಾಕೆ, ಗಿಂಡಿ ನನ್ನ ಹತ್ತಿರ ಇರಲಿ, ಮೇಲೆ ಕೊಡ್ತೇನೆ ಎಂದ. ವೆಂಕಪ್ಪ ಗೌಡರಿಗೆ ಮನಸ್ಸು ತುಂಬಿ ಬಂತು. ಹುಡುಗ ದೊಡ್ಡವನಾದ ಎಂದುಕೊಂಡರು. ಹುಡುಗನಿಗೆ ಆಗ ಐವತ್ತು.

ಎರಡು ಗಂಟೆ ನಡೆದ ಮೇಲೆ ಕವಲು ಬರುತ್ತದೆ. ನೇರ ಏರಿದರೆ ತುದಿಗೆ ಇನ್ನು ಎರಡೂವರೆ ಗಂಟೆ. ಬಲಕ್ಕೆ ಹೋದರೆ ಹೊಳೆಗೆ ಇಳಿದು, ಹುಲ್ಲುಗುಡ್ಡೆಯನ್ನು ಸುತ್ತಿ ಆಚೆಯಿಂದ ತುದಿಗೆ ಬರಬೇಕು, ಎರಡು ಗಂಟೆ ಹೆಚ್ಚು. ನೇರ ದಾರಿಗೆ ಅಡ್ಡವಾಗಿ ಒಂದು ಹಸಿ ಗೆಲ್ಲು ಬಿದ್ದಿತ್ತು. ಚೆನ್ನಾಗಿ ತಿರುಚಿ ಮುರಿದದ್ದು, ಸಿಪ್ಪೆ ಒಂದಿಷ್ಟೂ ಸೀಳಿರಲಿಲ್ಲ.

ಯಶಸ್ವಿ ಮೊಬೈಲಿನಲ್ಲಿ ಗಂಟೆ ನೋಡಿದಳು. ಆ ಕಡೆ ಕಿವಿಗೊಟ್ಟಳು. ಹಕ್ಕಿಗಳು ಎಂದಿನಂತೆ ಕೂಗುತ್ತಿದ್ದವು.

"ಸುತ್ತಿ ಹೋದ್ರೆ ಬಿಸಿಲು ಬೀಳುವ ಮೊದಲು ಮುಟ್ಲಿಕ್ಕಿಲ್ಲ ಅಪ್ಪ. ಒಂದು ಸ್ವಲ್ಪ ದೂರ ಹೋಗಿ ನೋಡುವನಾ? ಎಂತ ಸದ್ದೂ ಇಲ್ಲ."

"ಸೊಪ್ಪು ಉಂಟು" ಎಂದರು ವೆಂಕಪ್ಪ ಗೌಡರು.

ಆ ದಾರಿಯಲ್ಲಿ ಅವರು ಕಣ್ಣು ಕಟ್ಟಿಕೊಂಡು ಹೋಗಬಲ್ಲರು. ಗಾಳಿಯಲ್ಲಿ ಆನೆಯ ವಾಸನೆ ಇಲ್ಲವೆಂದು ಅವರ ಮೂಗಿಗೂ ಗೊತ್ತಿತ್ತು. ಅಷ್ಟಾದರೂ ಬಲಕ್ಕೆ ತಿರುಗಿದರು. ಮಗಳು ಒಮ್ಮೆ ಹಿಂದೆ ತಿರುಗಿ ಆ ಎಲೆಗಳನ್ನು ನೋಡಿ, ಅಪ್ಪನ ಹಿಂದೆ ನಡೆದಳು. ಹುಲ್ಲುಗುಡ್ಡೆಯ ಏರಿನಲ್ಲಿ ಅವರು ಆರು ಸಲ ಕೂರಬೇಕಾಯಿತು. ಏಳನೇ ಸಲ ಅವಳು ಅಪ್ಪನ ಎಡತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡಳು. ಬಿಸಿಲು ನೆತ್ತಿಯ ಕಡೆ ಏರುವುದು ಇಬ್ಬರಿಗೂ ಕಾಣುತ್ತಿತ್ತು. ಅವಸರ ಮಾಡಬೇಡ, ಜಯಪ್ಪ ಏನಾದರೂ ದಾರಿ ಮಾಡಿಯಾನು ಎಂದು ವೆಂಕಪ್ಪ ಗೌಡರು ಹೇಳುತ್ತಲೇ ಇದ್ದರು.

ಅವರು ಮುಟ್ಟಿದಾಗ ಗುಳಿಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಬಂಡೆಯ ನೆರಳಿನಲ್ಲಿ ಜಯಪ್ರಕಾಶ ಕುಳಿತಿದ್ದ. ಮಡಿಲಲ್ಲಿ ತುಂಬಿದ ಗಿಂಡಿ, ಬಾಯಿಗೆ ಎಲೆ ಕಟ್ಟಿತ್ತು. ತುಂಬಿದ ಗಿಂಡಿಯನ್ನು ನೆಲಕ್ಕೆ ಇಡಬಾರದು.

"ತುಂಬ ಕಾದೆ ಅಣ್ಣ. ಬಿಸಿಲು ಬಂತು. ಎಂತ ಮಾಡುದು?"

ಅಡ್ಡ ಏನಿತ್ತು ಎಂದು ವೆಂಕಪ್ಪ ಗೌಡರು ಕೇಳಿದರು. ಒಂಟಿ ಸಲಗ, ದಾರಿಯಲ್ಲೇ ನಿಂತಿತ್ತು, ನಾವೂ ಹೊಳೆಯ ಕಡೆಯಿಂದಲೇ ಓಡಿ ಬಂದೆವು ಎಂದ ಅವನು. ವೆಂಕಪ್ಪ ಗೌಡರು ತಮ್ಮನ ತೋಳು, ಬೆನ್ನು ಎಲ್ಲ ತಡವಿ ನೋಡಿದರು. "ನಿಂಗೆ ಎಂತ ಆಗ್ಲಿಲ್ಲ ಅಲ್ಲ ಮಾರಾಯ?" ಎಂದರು. ತೀರ್ಥರಾಮ ಎದ್ದು ಹೋಗಿ ಬಂಡೆಯ ಆಚೆ ಕಾಡು ನೋಡುತ್ತ ನಿಂತ.

ದೀಪದ ಹೊತ್ತಿಗೆ ನೀರು ಬನ ಸೇರಬೇಕೆಂದು ಜಯಪ್ರಕಾಶ, ತೀರ್ಥರಾಮ ಇಬ್ಬರೂ ಬೇಗ ಇಳಿದುಹೋದರು. ಗಿಂಡಿ ಸಿಗದಿದ್ದರೆ ಏನಂತೆ, ಜೀವ ಉಳಿಯಿತಲ್ಲ ಎಂದು ವೆಂಕಪ್ಪ ಗೌಡರು ಮಗಳಿಗೆ ಹೇಳಿದರು. ಅವಳು ಹೂಂ ಎಂದಳು. ಸುತ್ತುದಾರಿಯಲ್ಲಿ ಇಳಿಯುವ ಬಲ ಅವರ ಕಾಲಿನಲ್ಲಿ ಇರಲಿಲ್ಲ. ಸಲಗ ಇಷ್ಟು ಹೊತ್ತಿಗೆ ನೀರಿಗೆ ಇಳಿದಿರುತ್ತದೆ, ನಿಧಾನವಾಗಿ ಕಿವಿಗೊಟ್ಟು ಹೋಗೋಣ ಎಂದು ನೇರ ದಾರಿ ಹಿಡಿದರು.

ಅರ್ಧ ಗಂಟೆ ಇಳಿದಿರಬಹುದು. ದಾರಿಯ ಬದಿಯಲ್ಲಿ ಒಂದು ಎಳೆಯ ಹೆಬ್ಬಲಸಿನ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ ಹಾಕಿತ್ತು. ಬುಡದಿಂದ ಇಳಿದ ಹಾಲು ಹೆಪ್ಪುಗಟ್ಟಿತ್ತು. ವೆಂಕಪ್ಪ ಗೌಡರು ನಿಂತರು. ಬೇರೆ ಯಾರಾದರೂ ಆಗಿದ್ದರೆ ಮುಂದೆ ಹೋಗುತ್ತಿದ್ದರು. ಅವರ ಬೆರಳು ತಾನಾಗಿಯೇ ಹೋಗಿ ಆ ಹಾಲನ್ನು ಎಳೆದು ನೋಡಿತು. ಮೇಲೆ ಕೆನೆಗಟ್ಟಿದೆ, ಒಳಗೆ ಇನ್ನೂ ಅಂಟು. ಇಂದು ಬೆಳಿಗ್ಗೆಯದು, ಎಂಟೂವರೆ ಒಂಬತ್ತರ ಒಳಗೆ. ಕಡಿದ ಮುಖ ನೋಡಿದರು. ಏರುವವನು ಬೀಸಿದ ಕತ್ತಿ ಒಂದು ಓರೆ, ಇಳಿಯುವವನದು ಇನ್ನೊಂದು ಓರೆ. ಇದು ಏರುವವನದು.

ಮುಂದೆ ಇನ್ನೊಂದು ಗಿಡ. ಅದರಾಚೆ ಮತ್ತೊಂದು. ಎಲ್ಲೂ ಲದ್ದಿಯಿಲ್ಲ, ಮುರಿದ ಬಿದಿರಿಲ್ಲ. ಮಣ್ಣಿನಲ್ಲಿ ಇಬ್ಬರು ಇಳಿದುಹೋದ ಹೊಸ ಹಿಮ್ಮಡಿ ಗುರುತು ಮಾತ್ರ. ಯಶಸ್ವಿ ಹಿಂದಿನಿಂದ ಎಂತ ಅಪ್ಪ ಎಂದು ಎರಡು ಸಲ ಕೇಳಿದಳು. ಅವರು ಬೆರಳಿನ ಅಂಟನ್ನು ಪಂಚೆಗೆ ಒರೆಸಿಕೊಳ್ಳುತ್ತಲೇ ಇದ್ದರು.

ಕವಲಿನಲ್ಲಿ ಸೊಪ್ಪು ಹಾಗೆಯೇ ಬಿದ್ದಿತ್ತು. ಇಟ್ಟವನು ಮರಳುವಾಗ ಅದನ್ನು ದಾಟಿ ಹೋಗಿದ್ದ. ಎಲೆಗಳು ಬಾಡಿ ಮಡಚಿಕೊಂಡಿದ್ದವು. ವೆಂಕಪ್ಪ ಗೌಡರು ಬಗ್ಗಲಾರದೆ ಬಗ್ಗಿ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಯಶಸ್ವಿಗೆ ಆಗ ಅರ್ಥವಾಯಿತು. ಚಿಕ್ಕಪ್ಪ ಸೊಪ್ಪು ಇಟ್ಟು ನೇರ ದಾರಿಯಲ್ಲೇ ಏರಿದ್ದ, ಸಲಗ ಇರಲೇ ಇಲ್ಲ.

ಬನದಲ್ಲಿ ನೀರು ಎರೆದು ದೀಪ ಹಚ್ಚಿ ಆಗಿತ್ತು. ಜಯಪ್ರಕಾಶ ಕಟ್ಟೆಯ ಮೇಲೆ ಕುಳಿತು ಬಟ್ಟೆಯಿಂದ ಗಿಂಡಿ ಒರೆಸುತ್ತಿದ್ದ. ವೆಂಕಪ್ಪ ಗೌಡರು ಬಾಡಿದ ಗೆಲ್ಲನ್ನು ಅವನ ಕಾಲ ಬಳಿ ಇಟ್ಟರು.

"ಇದನ್ನು ಎತ್ತಬೇಕಾದ್ದು ಇಟ್ಟವನು. ಮರ್ತು ಬಂದಿದ್ದಿ."

ಜಯಪ್ರಕಾಶ ಗಿಂಡಿಯಿಂದ ಕಣ್ಣೆತ್ತಲಿಲ್ಲ. "ಅವಳು ನಾಳೆ ಮದುವೆಯಾಗಿ ಬೇರೆ ಕುಟುಂಬ ಸೇರುವವಳು. ಗಿಂಡಿಯೂ ಹೋಗುದು. ಎದುರು ಹೇಳಿದ್ರೆ ನೀನು ಕೇಳ್ತಿದ್ದಿಯಾ?"

"ಕೇಳ್ತಿರ್ಲಿಲ್ಲ. ಜಗಳ ಮಾಡ್ತಿದ್ದೆ." ವೆಂಕಪ್ಪ ಗೌಡರ ದನಿ ಏರಲಿಲ್ಲ. "ಜಗಳ ಮಾಡ್ಬಹುದಿತ್ತು ಜಯಪ್ಪ. ಗಿಂಡಿ ಬೇಕು ಅಂತ ಕೈಯಿಂದ ಎಳ್ಕೊಂಡ್ರೂ ಆಗ್ತಿತ್ತು. ಸೊಪ್ಪು ಮುಟ್ಟಬಾರದಿತ್ತು."

ಅವನು ಇನ್ನೇನೋ ಹೇಳಲು ಹೊರಟ. ವೆಂಕಪ್ಪ ಗೌಡರು ಕೇಳಲು ನಿಲ್ಲಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಶೀಲಾವತಿ ಅನ್ನ ಬಡಿಸುತ್ತ, ಕುಟುಂಬದವರನ್ನು ಸೇರಿಸಿ ಹೇಳಿಬಿಡಿ ಎಂದಳು. ಹೇಳಿದರೆ ಗಿಂಡಿ ಬರಬಹುದು, ಆದರೆ ಮುಂದಿನ ವರ್ಷ ಸೊಪ್ಪು ಕಂಡಾಗ ಒಬ್ಬರೂ ನಿಲ್ಲಲಿಕ್ಕಿಲ್ಲ ಎಂದರು ಅವರು. ಅಷ್ಟು ಹೇಳಿ, ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಗುಟ್ಟು ಅವರ ಮನೆಯೊಳಗೇ ಉಳಿಯಿತು. ತಮ್ಮನ ಮರ್ಯಾದೆಯೂ ಅದರೊಂದಿಗೆ ಉಳಿಯಿತು.

ಈ ವರ್ಷವೂ ಷಷ್ಠಿ ಕಳೆದು ಭಾನುವಾರ ಬಂತು. ಗಿಂಡಿ ಜಯಪ್ರಕಾಶನದು, ಮುಂದೆ ಹೋಗುವವನೂ ಅವನೇ. ಯಶಸ್ವಿ, ನಾನು ಬರಿಗೈಯಲ್ಲಾದರೂ ಹೋಗಿ ಬರ್ತೇನೆ ಎಂದಳು. ಈಗ ಅವಳು ಕಬಕದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್, ಹಿಂದಿನ ದಿನವೇ ಬಸ್ಸು ಹತ್ತಿ ಬಂದಿದ್ದಳು. ದಾರಿಯ ಬಗ್ಗೆ ಮಗಳಿಗೆ ಏನು ಹೇಳುವುದೆಂದು ವೆಂಕಪ್ಪ ಗೌಡರಿಗೆ ತಿಳಿಯಲಿಲ್ಲ. ಸೊಪ್ಪು ಕಂಡರೆ ನಿಲ್ಲು ಎನ್ನಲು ಬಾಯಿ ಬರಲಿಲ್ಲ. ದಾಟಿ ಹೋಗು ಎಂದರೆ, ನಿಜವಾಗಿಯೂ ಆನೆ ನಿಂತಿದ್ದರೆ?

ಅವಳು ಏಳುವ ಹೊತ್ತಿಗೆ ಅಪ್ಪ ಮನೆಯಲ್ಲಿ ಇರಲಿಲ್ಲ. ಹಣೆಯ ಲೈಟೂ ಊರುಗೋಲೂ ಇರಲಿಲ್ಲ. ಟ್ಯಾಪಿಂಗಿಗೆ ಹೋಗಿರಬೇಕು ಎಂದುಕೊಂಡು ಅವಳು ಹೊರಟಳು.

ಕವಲಿನಲ್ಲಿ ಅವರು ಕುಳಿತಿದ್ದರು. ನೇರ ದಾರಿಯ ಬಾಯಿಯಲ್ಲಿ, ಒಂದು ಕಲ್ಲಿನ ಮೇಲೆ, ಎಡಗಾಲು ನೀಡಿಕೊಂಡು. ಎರಡು ಗಂಟೆಯ ದಾರಿಗೆ ಅವರಿಗೆ ನಾಲ್ಕು ಗಂಟೆ ಹಿಡಿದಿತ್ತು. ಜಯಪ್ರಕಾಶ ಅದೇ ದಾರಿಯಲ್ಲಿ ದಾಟಿ ಹೋಗಿದ್ದ. ಅಣ್ಣನನ್ನು ಕಂಡು ಒಂದು ಗಳಿಗೆ ನಿಂತು, ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು, ಬದಿಯಿಂದ ಹೋಗಿದ್ದ. ದಾರಿಗೆ ಸೊಪ್ಪು ಇಟ್ಟಿರಲಿಲ್ಲ.

"ಇಷ್ಟು ದೂರ ಯಾಕೆ ಬಂದದ್ದು ಅಪ್ಪ, ಈ ಕಾಲಿನಲ್ಲಿ?" ಎಂದಳು ಯಶಸ್ವಿ.

ವೆಂಕಪ್ಪ ಗೌಡರು ದಾರಿ ಬಿಟ್ಟು ಕಾಲು ಮಡಚಿಕೊಂಡರು.

"ನಾನು ನೋಡಿದ್ದೇನೆ. ನೇರ ಹೋಗು."

ಅವಳು ಹೋದಳು. ಮರಳಿ ಬರುವ ತನಕ ಅವರು ಅಲ್ಲೇ ಕುಳಿತಿದ್ದರು.