ಸೊನ್ನೆ ಯೂನಿಟ್ಟಿನ ಆಯುಧಪೂಜೆ

ನೋಡ್ರಪ್ಪಾ, ಮನೆಯ ಸೋಲಾರ್‌ಗೆ ನಾನೇ ಕೈಯಾರೆ ವೈರಿಂಗ್ ಮಾಡಿದಾಗಿನಿಂದ ಅದು ಎಷ್ಟು ಕರೆಂಟು ಕೊಟ್ಟಿತೆಂದು ಮೊಬೈಲಿನಲ್ಲಿ ನೋಡುವುದೇ ನನಗೊಂದು ಚಟ. ಇವತ್ತು ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಆಯುಧಪೂಜೆಯ ಮಂಗಳಾರತಿ ನಡೆಯುವಾಗಲೂ ನೋಡಿದೆ. ಹೊರಗೆ ಕೆಂಡದಂಥ ಬಿಸಿಲು, ಮೊಬೈಲಿನಲ್ಲಿ ಸೊನ್ನೆ. ನನ್ನ ವೈರಿಂಗೇ ಸುಟ್ಟುಹೋಯಿತೆಂದುಕೊಂಡೆ. ಕಡ್ಲೆಪುರಿಯನ್ನೂ ತೆಗೆದುಕೊಳ್ಳದೆ ಜಾಲಹಳ್ಳಿಯ ಮನೆಗೆ ಬೈಕ್ ಓಡಿಸಿದೆ.

ಸೋಲಾರಿನ ಇನ್ವರ್ಟರಿಗೆ ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ. ಸ್ವಿಚ್ ಆಫ್.

"ಅಮ್ಮಾ, ಇದನ್ನ ಯಾರು ಆಫ್ ಮಾಡಿದ್ದು?"

"ನಾನೇ ಕಣೋ. ಪೂಜೆಗಿಟ್ಟಿದ್ದನ್ನ ಇವತ್ತು ದುಡಿಸ್ಬಾರ್ದು. ದಿನಾ ಬಿಸಿಲಲ್ಲಿ ಒಣಗುತ್ತೆ ಪಾಪ, ಒಂದಿನ ಸುಮ್ನಿರ್ಲಿ."

ಅಡುಗೆಮನೆಯಲ್ಲಿ ಮಿಕ್ಸಿ ಗರ್ರೆನ್ನುತ್ತಿತ್ತು. ಅದರ ಹಣೆಯಲ್ಲೂ ಕುಂಕುಮ.

"ಮತ್ತೆ ಮಿಕ್ಸಿ?"

"ಮಿಕ್ಸಿ ನಿಲ್ಸಿದ್ರೆ ಚಟ್ನಿ ಯಾರು ರುಬ್ತಾರೆ, ನೀನಾ?"

ಸ್ವಿಚ್ಚಿಗೆ ಕೈ ಚಾಚಿದೆ. "ನಾಳೆ ಬೆಳಿಗ್ಗೆ ನಾನು ಹೂ ತೆಗೆಯೋವರ್ಗೂ ಮುಟ್ಬೇಡ" ಎಂದಳು ಅಮ್ಮ.

ಈಗ ತಾರಸಿಯಲ್ಲಿ, ಸುಮ್ಮನೆ ಕಾಯುತ್ತಿರುವ ಪ್ಯಾನೆಲ್‌ಗಳ ಪಕ್ಕ ನಿಂತು ಬೆವರುತ್ತಿದ್ದೇನೆ. ಇವತ್ತು ರಜೆ ಎಂದು ಸೂರ್ಯನಿಗೆ ಮಾತ್ರ ಯಾರೂ ಹೇಳಿದಂತಿಲ್ಲ.